ಪಾಕ ಸಿಡಿದ ಗಾಯವಲ್ಲ ಇದು

ನನ್ನ ಎಡಗಣ್ಣಿನ ಕೆಳಗೆ ಒಂದು ಕಲೆ ಇದೆ. ಹೆಬ್ಬೆರಳ ಉಗುರಿನಷ್ಟು ಅಗಲ, ಸುತ್ತಲಿನ ಚರ್ಮಕ್ಕಿಂತ ಬಿಳುಪು. ಕೆಳಗಿನ ರೆಪ್ಪೆ ಅದರ ಕಡೆಗೆ ತುಸು ಜಗ್ಗಿಕೊಂಡಿದೆ. ಹಾಗಾಗಿ ಗಾಳಿ ಬೀಸಿದರೆ ಸಾಕು, ಆ ಒಂದೇ ಕಣ್ಣಿನಿಂದ ನೀರು ಇಳಿಯುತ್ತದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಾಗ ಎದುರಿನವರು, "ಯಾಕ್ರಿ ಬಾಯಾರ, ಯಾರರ ತೀರಿಕೊಂಡಾರೇನು?" ಎಂದು ಕೇಳಿದ್ದುಂಟು. "ಇಲ್ರಿ, ಎಲ್ಲಾರೂ ಗಟ್ಟಿಮುಟ್ಟ ಅದಾರ" ಎಂದು ಹೇಳಿ ನಾನು ಕಿಟಕಿಯನ್ನು ಇನ್ನಷ್ಟು ಸರಿಸುತ್ತೇನೆ. ಗಾಳಿ ನನಗೆ ಬೇಕು. ನೀರು ಬಂದರೆ ಬರಲಿ.

ಇದು ಹೇಗಾಯಿತೆಂದು ಕೇಳುವವರು ಬಹಳ. ಕೇಳಿದವರಿಗೆಲ್ಲ ಸೀದಾ ಹೇಳುತ್ತೇನೆ. ಅಲ್ಲೊಂದು ಮಚ್ಚೆ ಇತ್ತು, ನಮ್ಮ ತವರುಮನೆಯ ಮಂದಿ ಸಿರ್ಕಾ, ಅಂದರೆ ವಿನೆಗರ್, ಕುದಿಸಿ ಹಚ್ಚಿ ಅದನ್ನು ಸುಟ್ಟರು. ಕೇಳಿದವರ ಮುಖ ಸಣ್ಣದಾಗುತ್ತದೆ. ಆಗಲಿ. ಈ ಒಂದು ಮಾತು ಹೇಳುವುದಕ್ಕೆ ನಾನು ನನ್ನ ಅಪ್ಪನ ಜೊತೆಗೆ, ಸೋದರತ್ತೆಯ ಜೊತೆಗೆ, ಅರ್ಧ ಊರಿನ ಜೊತೆಗೆ ಜಗಳ ಕಾದಿದ್ದೇನೆ. ಈಗ ಬರೆಯುತ್ತಿರುವುದೂ ಅದಕ್ಕೇ. ಎಲ್ಲೋ ಒಂದು ಮನೆಯಲ್ಲಿ ಮುಖದ ಮೇಲೆ ಮಚ್ಚೆ ಇರುವ ಹುಡುಗಿ ಇರುತ್ತಾಳೆ, ಅವಳನ್ನು ಪ್ರೀತಿಸುವ ಮಂದಿ ಇರುತ್ತಾರೆ, ಗೋಡೆಯ ಮಾಡದಲ್ಲಿ ಒಂದು ಬಾಟಲಿಯೂ ಇರುತ್ತದೆ. ಆ ಹುಡುಗಿಗಾಗಿ ಇದು.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮದು ನಿಪ್ಪಾಣಿ ಕಡೆಯ ಬೋರಗಾಂವದ ಹೊರಗೆ ತೋಟದ ಮನೆ. ಒಂದಿಷ್ಟು ಕಬ್ಬು, ಎರಡು ಎಮ್ಮೆ. ಆದರೆ ಅಪ್ಪನಿಗೆ ಹೆಸರು ಬಂದದ್ದು ಹೊಲದಿಂದಲ್ಲ, ಬೆಲ್ಲದ ಕೊಪ್ಪರಿಗೆಯಿಂದ. ಗಾಣದ ಹಂಗಾಮು ಶುರುವಾಯಿತೆಂದರೆ ಸುತ್ತಲಿನ ಊರವರು ಹಾಲು ಕಾಸಲು ಅವನನ್ನೇ ಕರೆಯುತ್ತಿದ್ದರು. ಕಬ್ಬಿನ ಹಾಲು ಕುದಿಯುತ್ತಿದ್ದಂತೆ ಬೆಂಡಿ ಗಿಡದ ಲೋಳೆ ಹಾಕಿ ಹೊಲಸು ತೆಗೆಯುವುದು, ಉರಿ ಏರಿಸುವುದು, ಇಳಿಸುವುದು, ಪಾಕವನ್ನು ಚೂರು ನೀರಿಗೆ ಬಿಟ್ಟು ಬೆರಳಲ್ಲಿ ಹಿಚುಕಿ "ಇಳಸ್ರಿ" ಎನ್ನುವುದು, ಎಲ್ಲವೂ ಅಪ್ಪನ ಅಂದಾಜು. ಅವನು ಇಳಿಸಿದ ಕೊಪ್ಪರಿಗೆ ಒಮ್ಮೆಯೂ ಕೆಟ್ಟದ್ದನ್ನು ನಾನು ನೋಡಿಲ್ಲ. ಉರಿಯ ಮೇಲೆ ಇಟ್ಟರೆ ನೀರು ಹೋಗುತ್ತದೆ, ಕಸುವು ತಳದಲ್ಲಿ ಉಳಿಯುತ್ತದೆ, ಇದು ಅವನ ಜೀವನದ ವಿದ್ಯೆ. ಈ ವಿದ್ಯೆಯೇ ನನ್ನ ಮುಖಕ್ಕೆ ಬಂತು.

ಮಚ್ಚೆ ನನಗೆ ಹುಟ್ಟಿನಿಂದಲೇ ಇತ್ತು. ಜೋಳದ ಕಾಳಿನಷ್ಟು, ಕಪ್ಪಗೆ, ಕೆನ್ನೆಯ ಮೇಲ್ಭಾಗದಲ್ಲಿ. ಶಾಲೆಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಹತ್ತನೇ ತರಗತಿ ಮುಗಿದು ಹೆಣ್ಣು ನೋಡಲು ಬರುವವರು ಶುರುವಾದ ಮೇಲೆ ಅದಕ್ಕೆ ಬೆಲೆ ಬಂತು. ರಾಯಬಾಗದ ಕಡೆಯಿಂದ ಬಂದ ಹುಡುಗನ ತಾಯಿ ಅವಲಕ್ಕಿ ತಿಂದರು, ಚಹಾ ಕುಡಿದರು, ನನ್ನ ಕೈ ಹಿಡಿದು ನೋಡಿದರು. ಹೊರಗೆ ಹೋಗಿ ನಮ್ಮ ಅತ್ತೆಯ ಕಿವಿಯಲ್ಲಿ, "ಹುಡುಗಿ ಚಲೋ ಅದಾಳ್ರಿ. ಆದ್ರ ಆ ಮಚ್ಚಿ ಐತಲ್ಲ, ಕಣ್ಣೀರ ಹರಿಯೂ ಹಾದ್ಯಾಗ ಐತಿ. ಅಂಥಾಕಿ ಗಂಡ ಬಾಳಂಗಿಲ್ಲಂತ" ಎಂದು ಹೇಳಿ ಹೋದರು. ಅದಾದ ಮೇಲೆ ಬಂದವರೂ ಇದನ್ನೇ ಹೇಳಿದರು. ಇಲ್ಲದ ಗಂಡನನ್ನು ನಾನು ಆಗಲೇ ಕೊಂದಾಗಿತ್ತು.

ಅಕ್ಕಾತಾಯಿ ಅತ್ತೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ನನ್ನನ್ನು ಎತ್ತಿ ಆಡಿಸಿದವಳು ಅವಳೇ, ಹೇನು ತೆಗೆದವಳು ಅವಳೇ. ಆ ರಾಯಬಾಗದವರ ಮಾತು ಅವಳ ಎದೆಗೆ ನಾಟಿತ್ತು. "ನಾ ರಂಡಿಮುಂಡಿ ಆಗಿ ಉಂಡದ್ದು ಸಾಕು. ಈ ಕೂಸಿಗಿ ಆ ಹೆಸರ ಬ್ಯಾಡ" ಎಂದು ಅತ್ತಳು. ಯಾವುದೋ ಸಂತೆಯಲ್ಲಿ ಯಾರೋ ಅವಳಿಗೆ, ಸಿರ್ಕಾ ಹಚ್ಚಿದರೆ ಮಚ್ಚೆ ಒಣಗಿ ಉದುರುತ್ತದೆ ಎಂದು ಹೇಳಿದ್ದರು. ಸಿರ್ಕಾಕ್ಕೆ ದೂರ ಹೋಗಬೇಕಿರಲಿಲ್ಲ. ಪಕ್ಕದ ಹಲಿಮಾ ಚಾಚಿ ಪ್ರತಿ ಹಂಗಾಮಿನಲ್ಲೂ ನಮ್ಮ ಗಾಣದಿಂದ ಒಂದು ಕೊಡ ಕಬ್ಬಿನ ಹಾಲು ಒಯ್ದು, ಭರಣಿಯಲ್ಲಿ ಬಿಸಿಲಿಗಿಟ್ಟು, ಹುಳಿ ಬರಿಸಿ, ಉಪ್ಪಿನಕಾಯಿಗೆ ಆಗುವಂಥ ಸಿರ್ಕಾ ಮಾಡುತ್ತಿದ್ದಳು. ಅತ್ತೆ ಒಂದು ಬಾಟಲಿ ಕೇಳಿ ತಂದಳು. ಯಾತಕ್ಕೆಂದು ಹೇಳಲಿಲ್ಲ.

ಮೊದಲು ಹಾಗೆಯೇ ಹಚ್ಚಿದರು. ಏನೂ ಆಗಲಿಲ್ಲ. ಸ್ವಲ್ಪ ಚುರುಗುಟ್ಟಿತು, ಅಷ್ಟೆ. ನನಗೂ ಆಗ ಮಚ್ಚೆ ಹೋದರೆ ಸಾಕಾಗಿತ್ತು. ಎರಡೆರಡು ಸಲ ಸೀರೆ ಉಟ್ಟು ಚಹಾದ ತಾಟು ಹಿಡಿದು ಬಂದು ಬೇಡವೆನಿಸಿಕೊಂಡ ಹುಡುಗಿಗೆ ತನ್ನ ಮುಖದ ಮೇಲೆ ಎಷ್ಟು ಪ್ರೀತಿ ಉಳಿದೀತು? ಅಪ್ಪ ಹೊಲದಿಂದ ಬಂದವನು ಬಾಟಲಿ ಎತ್ತಿ ಮೂಸಿದ. ನಾಲಿಗೆಗೆ ಒಂದು ಹನಿ ಹಚ್ಚಿ ನೋಡಿದ.

"ಇದರಾಗ ಬರೇ ನೀರೈತಿ ಅಕ್ಕಾ. ಕಸುವಿಲ್ಲ. ಕಾಸಬೇಕು" ಎಂದ.

ಅಷ್ಟು ಆತ್ಮವಿಶ್ವಾಸದಿಂದ ಹೇಳಿದ ಅಪ್ಪನಿಗೆ ಇಲ್ಲ ಎನ್ನುವವರು ನಮ್ಮ ಮನೆಯಲ್ಲಿ ಇರಲಿಲ್ಲ. ಮರುದಿನ ಮಧ್ಯಾಹ್ನ ಅಡುಗೆಮನೆಯ ಒಲೆಯ ಮೇಲೆ ಅಲ್ಯೂಮಿನಿಯಂನ ಜರ್ಮನ್ ಬೋಗುಣಿ ಇಟ್ಟು ಬಾಟಲಿಯನ್ನು ಅದರೊಳಗೆ ಬೋರಲು ಹಾಕಿದ. ಕೊಪ್ಪರಿಗೆಯ ಮುಂದೆ ಕೂರುವಂತೆಯೇ ಕುಕ್ಕುರುಗಾಲಲ್ಲಿ ಕುಳಿತ. ಸ್ವಲ್ಪ ಹೊತ್ತಿಗೆ ಮನೆಯಲ್ಲಿ ಇರುವುದೇ ಕಷ್ಟವಾಯಿತು. ಅವ್ವ ಕೆಮ್ಮುತ್ತ ಹೊರಗೆ ಓಡಿದಳು. ತಂಗಿ ಮಂಗಲ ಕಣ್ಣು ಉಜ್ಜಿಕೊಳ್ಳುತ್ತ ಎಮ್ಮೆಯ ಹತ್ತಿರ ಹೋಗಿ ನಿಂತಳು. ಅಪ್ಪನಿಗೂ ಎದೆ ಹಿಡಿದುಕೊಂಡಿತು, ಆದರೆ ಅವನು ಏಳಲಿಲ್ಲ. ಟೊಪ್ಪಿಗೆಯನ್ನೇ ಮೂಗಿಗೆ ಒತ್ತಿಕೊಂಡು, "ನೋಡ್ರಿ, ಹೆಂಥಾ ಜೋರ ಬರಾಕತ್ತೈತಿ" ಎಂದು ಖುಷಿಯಿಂದ ಹೇಳಿದ.

ಪಾಕ ಬರುತ್ತದೆ ಎಂದು ಅವನು ಕಾದ. ಬೆಲ್ಲದ ಹಾಲಿನಂತೆ ಅದು ದಪ್ಪಗಾಗಲಿಲ್ಲ, ನೂಲು ಹಿಡಿಯಲಿಲ್ಲ. ತಳದಲ್ಲಿ ಕಂದು ನೀರು ಚೂರು ಉಳಿಯಿತು, ಬೋಗುಣಿಯ ಒಳಗೆಲ್ಲ ಕಪ್ಪಿಟ್ಟಿತು. ಅಪ್ಪ ಆ ಕಪ್ಪನ್ನು ಬೆರಳಿನಿಂದ ಕೆರೆದು ನೋಡಿ, "ಪಾತ್ರಿನ ತಿಂದೈತಂದ್ರ ಮಚ್ಚಿ ಏನ ಲೆಕ್ಕ" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಮಾತನ್ನು ಕಿವಿಯಾರೆ ಕೇಳಿದ್ದೇನೆ. ಪಾತ್ರೆಯನ್ನು ತಿಂದದ್ದು ಮಗಳ ಕೆನ್ನೆಯನ್ನು ಬಿಟ್ಟೀತೇ ಎಂದು ಯಾರಿಗೂ ಹೊಳೆಯಲಿಲ್ಲ.

ಅತ್ತೆ ಕಡ್ಡಿಗೆ ಅರಳೆ ಸುತ್ತಿದಳು. ಔಷಧ ಒಳಗೆ ಇಳಿಯಲಿ ಎಂದು ಸೂಜಿಯಿಂದ ಮಚ್ಚೆಯನ್ನು ಸ್ವಲ್ಪ ಕೆದರಿದಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಅವಳ ಸೆರಗಿಗೆ ನಶ್ಯದ ವಾಸನೆ ಇತ್ತು. ಹಚ್ಚಿದ ಕೂಡಲೇ ಕೆಂಡ ಇಟ್ಟಂತಾಗಿ ಚೀರಿದೆ. "ತಡಕೋ ನನ್ನವ್ವಾ, ತಡಕೋ, ಬೇರ ಕೀಳಾಕತ್ತೈತಿ" ಎಂದು ಅವಳೂ ಅಳುತ್ತಲೇ ಅರಳೆಯನ್ನು ಒತ್ತಿ ಹಿಡಿದಳು. ಮೇಲೆ ಬಟ್ಟೆಯ ಪಟ್ಟಿ ಕಟ್ಟಿದಳು. ಮರುದಿನ ಮತ್ತೆ, ಅದರ ಮರುದಿನ ಮತ್ತೆ. ಮೂರನೇ ಸಲ ನಾನು ಮುಖ ತಿರುವಿದೆ. ಹನಿ ಅರಳೆಯಿಂದ ಜಾರಿ ಕಣ್ಣಿನ ಅಂಚಿಗೆ ಹೋಯಿತು.

ಬೆಳಿಗ್ಗೆ ಆ ಕಣ್ಣು ತೆರೆಯಲೇ ಇಲ್ಲ. ಮುಖದ ಅರ್ಧ ಊದಿತ್ತು. ಮಚ್ಚೆ ಇದ್ದ ಕಡೆ ಬೆಳ್ಳಗೆ, ಆಮೇಲೆ ಕರ್ರಗೆ, ಆಮೇಲೆ ಕೀವು. ಜ್ವರ ಏರಿತು. ಹಲಿಮಾ ಚಾಚಿ ಮೊಸರು ಕೇಳಲು ಬಂದವಳು ನನ್ನನ್ನು ನೋಡಿ ಅಲ್ಲೇ ಕುಳಿತುಬಿಟ್ಟಳು.

"ಏನ ಹಚ್ಚೀರಿ ಇದಕ್ಕ?"

ಅತ್ತೆ ಹೇಳಬೇಕಾಯಿತು. ಚಾಚಿ ಹಣೆ ಚಚ್ಚಿಕೊಂಡಳು. "ಯಾ ಅಲ್ಲಾ! ಅದು ತಿನ್ನೂ ಸಾಮಾನವಾ, ನಾಲ್ಗಿಗಿ! ಯಾತಕ್ಕಂತ ಒಂದ ಮಾತ ಕೇಳಿದ್ರ ಕೊಡತಿದ್ನೇನು?" ಎಂದಳು. ಅವಳು ಬೈದು ಗಲಾಟೆ ಮಾಡಿದ್ದಕ್ಕೇ ನನ್ನನ್ನು ಎತ್ತಿನ ಗಾಡಿಯಲ್ಲಿ ಹಾಕಿ, ಹಾದಿಯಲ್ಲಿ ಸಿಕ್ಕ ಟೆಂಪೋ ಹತ್ತಿಸಿ ನಿಪ್ಪಾಣಿಗೆ ಒಯ್ದರು.

ಸುಳ್ಳು ಅಲ್ಲಿ ಹುಟ್ಟಿತು. ನಿಪ್ಪಾಣಿಯ ಡಾಕ್ಟರು ಪಟ್ಟಿ ಬಿಚ್ಚಿ, "ಹೆಂಗಾತಿದು?" ಎಂದು ಕೇಳಿದರು. ಅಪ್ಪ ನೆಲ ನೋಡಿದ. ಅತ್ತೆ ತಟ್ಟನೆ, "ಗಾಣದಾಗ ಪಾಕ ಸಿಡೀತ್ರಿ" ಎಂದಳು. ಎಷ್ಟು ಚಲೋ ಸುಳ್ಳು ನೋಡಿ! ಬೆಲ್ಲ ಕಾಸುವವನ ಮಗಳಿಗೆ ಪಾಕ ಸಿಡಿಯುವುದು ನಮ್ಮ ಸೀಮೆಯಲ್ಲಿ ಯಾರೂ ಅನುಮಾನಿಸದ ಮಾತು. ಅಪ್ಪನ ಕೈಯ ಮೇಲೇ ಅಂಥ ಕಲೆಗಳಿದ್ದವು. ಡಾಕ್ಟರು ಮುಲಾಮು, ಗುಳಿಗೆ, ಇಂಜೆಕ್ಷನ್ ಕೊಟ್ಟರು. ಕಣ್ಣುಗುಡ್ಡೆಗೆ ಏನೂ ಆಗಿಲ್ಲ, ಪುಣ್ಯವಂತೆ ನೀನು ಎಂದರು. ಬರುವ ಹಾದಿಯಲ್ಲಿ ಅಪ್ಪ ನನಗೆ ದ್ರಾಕ್ಷಿ ಕೊಡಿಸಿದ.

ಗಾಯ ಮಾಗಲು ಬಹಳ ಕಾಲ ಹಿಡಿಯಿತು. ಮಾಗುತ್ತ ಮಾಗುತ್ತ ಚರ್ಮ ಬಿಗಿದು ರೆಪ್ಪೆಯನ್ನು ಕೆಳಗೆ ಎಳೆಯಿತು. ಆ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ನೀರು ನಿಲ್ಲುತ್ತಿರಲಿಲ್ಲ. ಕಣ್ಣೀರಿನ ಮಚ್ಚೆ ತೆಗೆಯಲು ಹೋಗಿ ಇಡೀ ದಿನ ಕಣ್ಣೀರು ಸುರಿಯುವಂತೆ ಮಾಡಿಟ್ಟಿದ್ದರು. ನಗು ಬರುತ್ತಿತ್ತು ನನಗೆ, ಮತ್ತೆ ಯಾರ ಮುಖವನ್ನೂ ನೋಡಬಾರದೆನ್ನುವಷ್ಟು ಸಿಟ್ಟೂ ಬರುತ್ತಿತ್ತು. ಅವ್ವ ಮಾತ್ರ ದಿನವೂ ಬೆಳಿಗ್ಗೆ ಬಿಸಿನೀರಲ್ಲಿ ಅದ್ದಿದ ಅರಿವೆಯಿಂದ ಆ ಕಣ್ಣು ಒರೆಸುತ್ತಿದ್ದಳು. ಅವಳ ಕೈ ಮೆತ್ತಗಿತ್ತು, ಅಷ್ಟು ಸಾಕಾಗುತ್ತಿತ್ತು.

ಮತ್ತೊಂದು ಹಂಗಾಮು ಬರುವ ಹೊತ್ತಿಗೆ, ಬಿಳಿ ಕಲೆಯ ನಡುವೆ ಕಪ್ಪು ಕಾಣಿಸಿತು. ಮೊದಲು ಚುಕ್ಕೆ, ಆಮೇಲೆ ಗೀರು, ಆಮೇಲೆ ಅಂಕುಡೊಂಕಾಗಿ ಹರಡಿತು. ಹಳೆಯ ಮಚ್ಚೆ ದುಂಡಗಿತ್ತು, ಸಾಧುವಾಗಿತ್ತು. ಇದು ಹಾಗಿರಲಿಲ್ಲ. ಹಲಿಮಾ ಚಾಚಿಯ ಗಂಡನ ತಂಗಿಯೊಬ್ಬಳು ಕಾಲಿನ ಮೇಲೆ ಇಂಥದ್ದೇ ಕರೀ ಕಲೆ ಎದ್ದು, ತಡವಾಗಿ ಮಿರಜದ ದೊಡ್ಡ ದವಾಖಾನೆಗೆ ಹೋಗಿ, ಜೀವಂತ ವಾಪಸ್ ಬಂದಿರಲಿಲ್ಲ. ಚಾಚಿ ನನ್ನನ್ನು ಬಿಸಿಲಿಗೆ ಕರೆದು ಗಲ್ಲ ಹಿಡಿದು ನೋಡಿದಳು.

"ಮಿರಜಕ್ಕ ಹೋಗು ಬೇಟಾ. ಇವತ್ತ ಹೋಗು" ಎಂದಳು.

ಮನೆಯಲ್ಲಿ ಹೇಳಿದೆ. ಅದೇ ವಾರ ಅಥಣಿಯಿಂದ ಒಂದು ಸಂಬಂಧ ಕೂಡಿ ಬರುತ್ತಿತ್ತು. ಅತ್ತೆ ಕಷ್ಟಪಟ್ಟು ಹುಡುಕಿದ ಸಂಬಂಧ. ಗಾಣದಲ್ಲಿ ಪಾಕ ಸಿಡಿದದ್ದು ಎಂದು ಅವರಿಗೆ ಮೊದಲೇ ಹೇಳಿ, ಅವರು ಒಪ್ಪಿಯೂ ಇದ್ದರು. ನೋಡುವ ಶಾಸ್ತ್ರಕ್ಕೆ ನನ್ನನ್ನು ಎಡಗೆನ್ನೆ ಗೋಡೆಗಿರುವಂತೆ ಎಲ್ಲಿ ಕೂರಿಸಬೇಕು ಎಂಬುದನ್ನೂ ಅತ್ತೆ ಗುರುತು ಮಾಡಿಟ್ಟಿದ್ದಳು.

"ಲಗ್ನ ಒಂದ ಆಗಿ ಹೋಗ್ಲಿ" ಎಂದಳು. "ಆಮ್ಯಾಗ ಎಲ್ಲಿ ಬೇಕಾದಲ್ಲಿ ತೋರಿಸಕೋ. ಈಗ ಮಿರಜಕ್ಕ ಹೋದ್ರ ಊರೆಲ್ಲ ಕ್ಯಾನ್ಸರ್ ಅಂತಾರ. ನಿನ್ನ ಜೋಡಿ ಮಂಗಲನೂ ಮನ್ಯಾಗ ಕೂಡತಾಳ."

ಅಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. "ಸ್ವಲ್ಪ ದಿನಾ ತಡಿ ಸುರೇಖಾ" ಎಂದ.

ಅವರ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಆದರೆ ನನಗೂ ಹೆದರಿಕೆ ಇತ್ತು, ಮತ್ತು ನನ್ನದು ದೊಡ್ಡದಿತ್ತು. ಅವರದು ನನ್ನ ಮದುವೆಯ ಹೆದರಿಕೆ, ನನ್ನದು ಜೀವದ್ದು. ನಾನು ಅಂದು ಜೀವನದಲ್ಲಿ ಮೊದಲ ಸಲ ಅಪ್ಪನ ಎದುರು ನಿಂತು ದನಿ ಎತ್ತಿದೆ.

"ತಡಿಯಂಗಿಲ್ಲ. ಅಥಣಿಯವರು ಬಂದ್ರ ನಾ ಅವರ ಮುಂದ ಕುಂದ್ರತೀನಿ. ಎಡಗಲ್ಲಾನ ಮುಂದ ಮಾಡಿ ಕುಂದ್ರತೀನಿ. ಏನ ಕಾಸಿದ್ರಿ, ಹೆಂಗ ಹಚ್ಚಿದ್ರಿ, ಎಲ್ಲಾ ಹೇಳತೀನಿ. ಇಲ್ಲಂದ್ರ ನಾಳಿ ಮಿರಜಕ್ಕ ಕರಕೊಂಡ ನಡಿ. ಎರಡರಾಗ ಒಂದ."

ಅತ್ತೆ ಬಾಯಿ ತೆರೆದಳು. ಒಲೆಯ ಹತ್ತಿರ ಇದ್ದ ಅವ್ವ ಎದ್ದು ಬಂದು ಟ್ರಂಕಿನಿಂದ ನನ್ನ ಸೀರೆ ತೆಗೆದು ಚೀಲಕ್ಕೆ ಹಾಕತೊಡಗಿದಳು. ಅವಳ ಕಡೆಯಿಂದ ಬಂದ ಉತ್ತರ ಅಷ್ಟೇ. ಅಥಣಿಯವರಿಗೆ ಹುಡುಗಿಗೆ ಮೈಯಲ್ಲಿ ಹುಷಾರಿಲ್ಲವೆಂದು ಹೇಳಿ ಕಳಿಸಿದರು. ಅವರು ಮತ್ತೆ ಬರಲಿಲ್ಲ. ಒಳ್ಳೆಯದಾಯಿತು.

ಇಚಲಕರಂಜಿಯ ಮೇಲೆ ಹಾಯ್ದು ಮಿರಜಕ್ಕೆ ಹೋದೆವು. ಅಪ್ಪ, ನಾನು, ಹಲಿಮಾ ಚಾಚಿ. ಚಾಚಿಯನ್ನು ಯಾರೂ ಕರೆದಿರಲಿಲ್ಲ, ಬುರ್ಖಾ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ತಾನೇ ಬಂದು ನಿಂತಿದ್ದಳು. ಮಿರಜದ ಆ ದೊಡ್ಡ ದವಾಖಾನೆಯಲ್ಲಿ ಅರ್ಧ ಮಂದಿ ನಮ್ಮ ಕಡೆಯವರೇ. ಚಿಕ್ಕೋಡಿಯವರು, ಕಾಗವಾಡದವರು, ಉಗಾರದ ಸಕ್ಕರೆ ಫ್ಯಾಕ್ಟರಿಯಿಂದ ಕೈ ನುಜ್ಜಾಗಿ ಬಂದವರು. ಕನ್ನಡದಲ್ಲಿ ನರಳಿ ಮರಾಠಿಯಲ್ಲಿ ಚಹಾ ಕೇಳುವ ಜಾಗ ಅದು. ಬಾಗಿಲಲ್ಲಿ ನಿಂತ ಸಿಸ್ಟರ್ ಹೆಸರು ಕೂಗಿದಾಗಲೆಲ್ಲ ಇಡೀ ಸಾಲು ಒಮ್ಮೆ ತಲೆ ಎತ್ತುತ್ತಿತ್ತು, ಮತ್ತೆ ಇಳಿಸುತ್ತಿತ್ತು.

ನನ್ನ ಪಕ್ಕ ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸೊಬ್ಬಳು ಕುಳಿತಿದ್ದಳು. ಅವಳ ದವಡೆಗೆ ಪಟ್ಟಿ ಇತ್ತು. ಮಾತು ಸರಿಯಾಗಿ ಬರುತ್ತಿರಲಿಲ್ಲ. ನನ್ನ ಸೆರಗು ಮುಖದ ಮೇಲೆ ಎಳೆದುಕೊಂಡದ್ದನ್ನು ನೋಡಿ, ಅದನ್ನು ಬೆರಳಿನಿಂದ ಸರಿಸಿ, "ಇಲ್ಲಿ ಯಾರಿಗಿ ಮುಚ್ಚತಿ? ಇಲ್ಲಿ ಎಲ್ಲಾರದೂ ಒಂದೊಂದು ಐತಿ" ಎಂದಳು. ಆಮೇಲೆ ಚೀಲದಿಂದ ಭಡಂಗದ ಪೊಟ್ಟಣ ತೆಗೆದು ನನ್ನ ಮಡಿಲಿಗಿಟ್ಟಳು. ತನಗೆ ಅಗಿಯಲು ಬರುವುದಿಲ್ಲ, ಮಗ ಸುಮ್ಮನೆ ತಂದಿದ್ದಾನೆ ಎಂದಳು. ಖಾರದ ಚುರುಮುರಿ ತಿನ್ನುತ್ತ ನಾನು ಅತ್ತುಬಿಟ್ಟೆ. ಅದಕ್ಕೂ ಮೊದಲು ಎಷ್ಟೋ ತಿಂಗಳು ಎರಡೂ ಕಣ್ಣಿನಿಂದ ಅತ್ತಿರಲಿಲ್ಲ.

ಒಳಗೆ ಇದ್ದವರು ನಡುವಯಸ್ಸಿನ ಡಾಕ್ಟರ್‌ಬಾಯಿ. ಮರಾಠಿಯವರು, ಆದರೆ ನಮ್ಮ ಕಡೆಯ ಪೇಶಂಟುಗಳನ್ನು ನೋಡಿ ನೋಡಿ ಕನ್ನಡ ಕಲಿತಿದ್ದರು. ದೀಪ ಹತ್ತಿರ ಎಳೆದು ಕಲೆಯನ್ನು ನೋಡಿದರು.

"ಹೆಂಗ ಸುಟ್ಟಿತು?"

"ಪಾಕ ಸಿಡೀತ್ರಿ ಬಾಯಿ, ಬೆಲ್ಲದ್ದು" ಎಂದ ಅಪ್ಪ. ಅಷ್ಟು ಹೊತ್ತಿಗೆ ಅದು ಅವನ ಬಾಯಿಗೆ ರೂಢಿಯಾಗಿತ್ತು.

ಡಾಕ್ಟರ್‌ಬಾಯಿ ತಲೆಯಾಡಿಸಿದರು. ಸುಟ್ಟ ಚರ್ಮ ಒಮ್ಮೊಮ್ಮೆ ಹೀಗೆ ಕಪ್ಪಾಗುತ್ತದೆ, ಹೆದರಬೇಡಿ, ಮುಲಾಮು ಬರೆದುಕೊಡುತ್ತೇನೆ, ಕೆಲವು ತಿಂಗಳು ನೋಡೋಣ ಎಂದರು. ಪೆನ್ನು ತೆಗೆದುಕೊಂಡರು. ಅಪ್ಪನ ಮುಖ ಹಗುರಾಯಿತು. ಅದನ್ನು ನೋಡಿ, ನನ್ನ ಜೀವ ಹೋಗುವುದಿದ್ದರೂ ಇವರ ಮರ್ಯಾದೆಯ ಸುಳ್ಳನ್ನು ಹೊತ್ತುಕೊಂಡೇ ಹೋಗಬೇಕೇನು ಎನಿಸಿತು.

"ಸುಳ್ಳು" ಎಂದೆ. "ಪಾಕ ಸಿಡಿದಿಲ್ರಿ. ಅಲ್ಲಿ ಹುಟ್ಟಿನಿಂದ ಮಚ್ಚಿ ಇತ್ತು. ನಮ್ಮಪ್ಪ ಸಿರ್ಕಾ ಕಾಸಿ ದಪ್ಪ ಮಾಡಾಕ ಹ್ವಾದ. ನಮ್ಮತ್ತಿ ಸೂಜೀಲೆ ಕೆದರಿ ಅದನ್ನ ಹಚ್ಚಿದ್ಲು. ಮಚ್ಚಿ ಸುಟ್ಟರ್ರಿ. ಈಗ ಅದ ತಿರುಗಿ ಬಂದೈತಿ."

ಡಾಕ್ಟರ್‌ಬಾಯಿ ಪೆನ್ನು ಕೆಳಗಿಟ್ಟರು. ಮತ್ತೆ ದೀಪ ಎಳೆದರು. ಈ ಸಲ ಬಹಳ ಹೊತ್ತು ನೋಡಿದರು, ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಬೆರಳಿಟ್ಟು ಒತ್ತಿ ಒತ್ತಿ ನೋಡಿದರು. ಅಪ್ಪನ ಕಡೆ ತಿರುಗಿ, "ಮಚ್ಚಿ ಸುಟ್ಟರ ಮ್ಯಾಲಿಂದು ಹೋಗತೈತಿ, ಒಳಗಿಂದು ಉಳೀತೈತಿ. ಅದು ಒಳ್ಳೇದಿತ್ತೋ ಕೆಟ್ಟದ್ದಿತ್ತೋ ಈಗ ನೋಡಿ ಹೇಳಾಕ ಬರಂಗಿಲ್ಲ. ಪೂರಾ ಕೊಯ್ದು ತಗದು ತಪಾಸ ಮಾಡಬೇಕು. ಈಕಿ ಬಾಯಿ ಬಿಡದಿದ್ರ ನಾ ಮುಲಾಮ ಕೊಟ್ಟು ಕಳಸತಿದ್ನಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಅಪ್ಪನಿಗೆ ಸುಲಭವಾಗುತ್ತಿತ್ತೇನೋ. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಕೊಯ್ದು ತೆಗೆದರು. ಇಂಜೆಕ್ಷನ್ ಕೊಟ್ಟು ಮುಖ ಮರಗಟ್ಟಿಸಿದ್ದರಿಂದ ನೋವಾಗಲಿಲ್ಲ, ಕತ್ತರಿಯ ಸದ್ದು ಮಾತ್ರ ಕೇಳುತ್ತಿತ್ತು. ರೆಪ್ಪೆಯ ಎಳೆತವೂ ಸ್ವಲ್ಪ ಕಡಿಮೆಯಾಗುವಂತೆ ಹೊಲಿಗೆ ಹಾಕಿದರು. ಪೂರ್ತಿ ಸರಿಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ತಲೆಯ ಹತ್ತಿರ ನಿಂತಿದ್ದ ಮಲಯಾಳಿ ಸಿಸ್ಟರ್ ಪೂರಾ ಹೊತ್ತು ನನ್ನ ಹಣೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಅವಳಿಗೆ ನನ್ನ ಭಾಷೆ ಬಾರದು, ನನಗೆ ಅವಳದು.

ತಪಾಸಣೆಯ ಉತ್ತರ ಬರುವವರೆಗಿನ ದಿನಗಳನ್ನು ನಾನು ಶತ್ರುವಿಗೂ ಬಯಸುವುದಿಲ್ಲ. ಊರಿಗೆ ಬಂದಿದ್ದೆವು. ನಾನು ಹಾಲು ಕರೆಯುತ್ತಿದ್ದೆ, ಕಸ ಗುಡಿಸುತ್ತಿದ್ದೆ, ನಡುವೆ ಥಟ್ಟನೆ ನಿಂತುಬಿಡುತ್ತಿದ್ದೆ. ಮುಂದಿನ ದೀಪಾವಳಿಗೆ ನಾನು ಇರುತ್ತೇನೋ ಇಲ್ಲವೋ ಎಂದು ಯೋಚಿಸಿ, ಮಂಗಲಳಿಗೆ ನನ್ನ ಹಸಿರು ಸೀರೆ ಕೊಟ್ಟೆ. ಅವಳು ಅದನ್ನು ನನ್ನ ಮೇಲೇ ಎಸೆದು ಹಿತ್ತಲಿಗೆ ಹೋಗಿ ಅತ್ತಳು. ಅತ್ತೆ ಹರಕೆಗಳ ಮೇಲೆ ಹರಕೆ ಹೊತ್ತಳು. ಅಪ್ಪ ಆ ಹಂಗಾಮಿನಲ್ಲಿ ಯಾರ ಗಾಣಕ್ಕೂ ಹೋಗಲಿಲ್ಲ. ಕರೆಯಲು ಬಂದವರಿಗೆ ಸೊಂಟ ಹಿಡಿದಿದೆ ಎಂದು ಹೇಳಿ ಕಳಿಸಿದ.

ಉತ್ತರ ಒಳ್ಳೆಯದಿತ್ತು. ಡಾಕ್ಟರ್‌ಬಾಯಿ ನನ್ನನ್ನು ಕೂರಿಸಿಕೊಂಡು, ಅಪ್ಪನಿಗಲ್ಲ, ನನಗೇ ಹೇಳಿದರು. ಕೆಟ್ಟ ರೋಗ ಇಲ್ಲ. ಹಳೆಯ ಮಚ್ಚೆಯೇ ಒಳಗೆ ಉಳಿದು ಗಾಯದೊಳಗಿಂದ ದಾರಿ ಮಾಡಿಕೊಂಡು ಬಂದಿದೆ. ಆದರೆ ಸುಟ್ಟು ಹೋದ ಭಾಗ ಹೇಗಿತ್ತೆಂದು ಇನ್ನು ಯಾರೂ ಹೇಳಲಾರರು, ಹಾಗಾಗಿ ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ನಾನು ಹೂಂ ಎಂದೆ. ಹೊರಗೆ ಬಂದಾಗ ಹಲಿಮಾ ಚಾಚಿ ನನ್ನನ್ನು ತಬ್ಬಿಕೊಂಡು, ದವಾಖಾನೆಯ ಮೆಟ್ಟಿಲ ಮೇಲೇ ನನ್ನ ತಲೆಗೆ ನಿವಾಳಿಸಿ ಲಟಲಟ ಬೆರಳು ಮುರಿದಳು. ಅಪ್ಪ ದೂರ ಹೋಗಿ ನಳದ ಕೆಳಗೆ ಮುಖ ತೊಳೆಯುತ್ತಿದ್ದ. ಬಹಳ ಹೊತ್ತು ತೊಳೆದ.

ನೀವು ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡರೆ ನಮ್ಮ ಅತ್ತೆ ನಿಮಗೆ ಗೊತ್ತಿಲ್ಲ. ನನ್ನ ಜೀವ ಉಳಿದದ್ದೇ ತಡ, ಅವಳು ಮತ್ತೆ ಸಂಬಂಧ ಹುಡುಕಲು ಹೊರಟಳು. ಊರಲ್ಲೆಲ್ಲ, ಮಚ್ಚೆ ಮನೆಮದ್ದಿಗೆ ಉದುರಿತು, ಕಲೆ ಮಾತ್ರ ಪಾಕ ಸಿಡಿದದ್ದು ಎಂದು ಹೇಳುತ್ತ ಬಂದಳು. ನಾನು ಅವಳ ಹಿಂದೆಯೇ ನಿಜ ಹೇಳುತ್ತ ಹೋದೆ. ಬಾವಿಯ ಹತ್ತಿರ ಹೇಳಿದೆ, ಹಿಟ್ಟಿನ ಗಿರಣಿಯಲ್ಲಿ ಹೇಳಿದೆ, ಬಾಲವಾಡಿಯಲ್ಲಿ ಕೆಲಸ ಸಿಕ್ಕ ಮೇಲೆ ಮಕ್ಕಳನ್ನು ಬಿಡಲು ಬಂದ ತಾಯಂದಿರಿಗೆಲ್ಲ ಹೇಳಿದೆ. ಅತ್ತೆ ಬೈದಳು. "ಹುಟ್ಟಿಸಿದ ಅಪ್ಪನ ಮಾನ ಹರಾಜ ಹಾಕಾಕತ್ತಿ" ಎಂದಳು. ಅಪ್ಪ ಬೈಯಲಿಲ್ಲ. ನನ್ನ ಜೊತೆ ಮಾತು ಬಿಟ್ಟ. ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, "ಈಕಿಗಿ ರೊಟ್ಟಿ ಹಾಕು" ಎಂದು ಅವ್ವನ ಮುಖಾಂತರ ಹೇಳುವುದು. ವರ್ಷಗಳೇ ಹೀಗೆ ನಡೆದವು. ಮಿರಜದ ವರ್ಷದ ತಪಾಸಣೆಗೆ ಮಾತ್ರ ತಪ್ಪದೆ ನನ್ನ ಜೊತೆ ಬಸ್ ಹತ್ತುತ್ತಿದ್ದ, ಎರಡು ಸೀಟು ಬಿಟ್ಟು ಕೂರುತ್ತಿದ್ದ.

ನನಗೆ ನೋವಾಗುತ್ತಿತ್ತು. ಆಗಲಿಲ್ಲ ಎಂದರೆ ಸುಳ್ಳು. ಆದರೆ ನಾನು ಬಾಯಿ ಮುಚ್ಚಲಿಲ್ಲ. ಅಂದು ಮಿರಜದಲ್ಲಿ ಮುಚ್ಚಿದ್ದರೆ ಮುಲಾಮು ಹಚ್ಚಿಕೊಂಡು ಕೂರುತ್ತಿದ್ದೆ. ಮದುವೆ ಆಯಿತೇ ಎಂದು ಕೇಳುತ್ತೀರಿ. ಆಯಿತು, ತಡವಾಗಿ, ಎಲ್ಲ ಹೇಳಿಯೇ ಆಯಿತು, ಗಂಡ ಇನ್ನೂ ಬದುಕಿದ್ದಾನೆ, ಗೊರಕೆ ಹೊಡೆಯುತ್ತಾನೆ. ಈ ಕಥೆಗೆ ಅಷ್ಟು ಸಾಕು.

ತೊಂಬತ್ತರ ದಶಕದಲ್ಲಿ, ನಾನು ಇನ್ನೂ ತವರಿನಲ್ಲೇ ಇದ್ದಾಗ, ಒಂದು ಮುಂಜಾನೆ ಕಾಗವಾಡದಿಂದ ಒಬ್ಬ ತಾಯಿ ಬಂದಳು. ಜೊತೆಗೆ ಹದಿನಾರು ಹದಿನೇಳರ ಮಗಳು. ಹುಡುಗಿಯ ಮೇಲ್ದುಟಿಯ ಮೇಲೆ ಮಚ್ಚೆ ಇತ್ತು, ಅವಳು ಅದನ್ನು ಬೆರಳಿನಿಂದ ಮುಚ್ಚಿಕೊಂಡೇ ಕುಳಿತಿದ್ದಳು. ತಾಯಿ ಚೀಲದಿಂದ ಒಂದು ಬಾಟಲಿ ತೆಗೆದು ಅಪ್ಪನ ಮುಂದಿಟ್ಟಳು. ಪೇಟೆಯಿಂದ ತಂದ ಸಿರ್ಕಾ.

"ಅಣ್ಣಾರ, ಅಕ್ಕಾತಾಯಿ ಅವರು ಎಲ್ಲಾ ಹೇಳ್ಯಾರ್ರಿ" ಎಂದಳು. "ನಿಮ್ಮ ಮಗಳ ಮಚ್ಚಿ ನಿಮ್ಮ ಕೈಗುಣಕ್ಕ ಹೋತಂತ. ಇದನ್ನ ಕಾಸಿ ಕೊಡ್ರಿ. ಎಷ್ಟ ಉರಿ ಅಂತ ನಮಗ ತಿಳಿಯಂಗಿಲ್ಲ. ಮುಂದಿನ ವಾರ ನೋಡಾಕ ಬರೋರದಾರ."

ನನ್ನ ಮೈ ಉರಿದುಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು, ಅವಳು ನನ್ನ ಕಡೆ ನೋಡಲಿಲ್ಲ. ನಾನು ಮುಂದೆ ಬಂದು, "ಕೇಳ್ರಿಲ್ಲಿ" ಎಂದು ಶುರು ಮಾಡಿದೆ.

ಅಪ್ಪ ಕೈ ಎತ್ತಿದ. "ನೀ ಸುಮ್ನಿರು" ಎಂದ.

ಎಷ್ಟೋ ವರ್ಷಗಳ ಮೇಲೆ ನೇರವಾಗಿ ನನಗೆ ಆಡಿದ ಮಾತು ಅದು. ನಾನು ಸುಮ್ಮನಾಗುವವಳಿರಲಿಲ್ಲ, ಮತ್ತೆ ಬಾಯಿ ತೆರೆದೆ. ಅಷ್ಟರಲ್ಲಿ ಅವನು ಎದ್ದು ಬಂದು ನನ್ನ ತೋಳು ಹಿಡಿದು ಪಡಸಾಲೆಯ ಅಂಚಿಗೆ, ಬೆಳಕು ಬೀಳುವ ಕಡೆಗೆ ಒಯ್ದು ಕೂರಿಸಿದ. ಗಲ್ಲ ಹಿಡಿದು ಎಡಗೆನ್ನೆಯನ್ನು ಆ ತಾಯಿಯ ಕಡೆ ತಿರುಗಿಸಿದ.

"ಹತ್ತರ ಬಂದ ನೋಡ್ರಿ ತಂಗಿ" ಎಂದ. "ಇದು ಪಾಕ ಸಿಡದದ್ದಲ್ಲ. ಡಾಕ್ಟರಗೂ ಸುಳ್ಳ ಹೇಳೀನಿ, ಊರಿಗೂ ಹೇಳೀನಿ. ನಾನ ಕಾಸಿದ್ನಿ, ನನ್ನಕ್ಕ ಹಚ್ಚಿದ್ಲು. ಇನ್ನೊಂದೀಟ ಮ್ಯಾಲ ಏರಿದ್ರ ಕಣ್ಣ ಹೋಗತಿತ್ತು. ಈಕಿ ಖರೇ ಹೇಳಿದ್ಲಂತ ತಪಾಸ ಆತು, ಇಲ್ಲಂದ್ರ ಒಳಗ ಏನೈತಂತ ತಿಳೀತಿರಲಿಲ್ಲ. ಬೆಲ್ಲ ಕಾಸಿದಂಗ ಅಲ್ಲ ಇದು, ನಂಗ ಏನೂ ಗೊತ್ತಿರಲಿಲ್ಲ. ಬಾಟ್ಲಿ ಚೀಲಕ್ಕ ಹಾಕ್ರಿ."

ಆ ತಾಯಿ ನನ್ನ ಕಲೆಯನ್ನು ನೋಡಿದಳು, ಜಗ್ಗಿದ ರೆಪ್ಪೆಯನ್ನು ನೋಡಿದಳು. "ಹಂಗಾದ್ರ ನಮ್ಮ ಹುಡುಗಿ ಲಗ್ನದ ದಾರಿ ಏನ್ರಿ?" ಎಂದಳು, ಅಳುವ ದನಿಯಲ್ಲಿ.

"ಮಚ್ಚಿ ನೋಡಿ ತಿರುಗಿ ಹೋಗೂ ಮಂದಿ ಹೋಗ್ಲಿ ಬಿಡ್ರಿ" ಎಂದ ಅಪ್ಪ. "ಅಂಥಾವರ ಸಂಬಂಧಾ ನಾ ಯಾಕ ಬೇಕಂದೆ ಅಂತ ಇವತ್ತಿಗೂ ತಿಳಿವಲ್ದು. ಚಿಂತಿ ಇದ್ರ ಡಾಕ್ಟರಿಗಿ ತೋರಸ್ರಿ. ಅವರಿಗಿ ಖರೇ ಹೇಳ್ರಿ."

ಅವರನ್ನು ಬಸ್ಸಿಗೆ ಬಿಡಲು ನಾನೇ ಹೋದೆ. ಹಾದಿಯುದ್ದಕ್ಕೂ ಹುಡುಗಿ ನನ್ನನ್ನು ಪ್ರಶ್ನೆ ಕೇಳಿದಳು. ಉರಿಯಿತಾ, ಕೊಯ್ಯುವಾಗ ಹೆದರಿಕೆ ಆಯಿತಾ, ಆಮೇಲೆ ಕನ್ನಡಿ ನೋಡಿಕೊಂಡಿರಾ. ಎಲ್ಲಕ್ಕೂ ಹೌದು ಎಂದೆ. ಊರವರು ನೋಡುತ್ತಿದ್ದರು, ನೋಡಲಿ ಎಂದು ನಿಧಾನವಾಗಿಯೇ ನಡೆದೆವು.

ವಾಪಸ್ ಬಂದಾಗ ಅಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ನನ್ನ ಕ್ಷಮೆ ಕೇಳಲಿಲ್ಲ. ನಾನು ಕ್ಷಮಿಸಿದೆ ಎಂದೂ ಹೇಳಲಿಲ್ಲ, ಆ ಮಾತು ನನಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ. ಚಹಾ ಮಾಡಿ ತಂದು ಪಕ್ಕದಲ್ಲಿ ಕುಳಿತೆ. ಅಂದಿನಿಂದ ಯಾರಾದರೂ ನನ್ನ ಕೆನ್ನೆ ನೋಡಿ ಇದೇನಾಯಿತು ಎಂದು ಕೇಳಿದರೆ, ನಿಜ ಹೇಳುವವರು ನಮ್ಮ ಮನೆಯಲ್ಲಿ ಇಬ್ಬರಿದ್ದೆವು.